ಗುಳೆಯ ಮನೆಯ ವಿದ್ಯಾರ್ಥಿ ಮತ್ತು ಕಾಲೇಜಿನ ಸಿಬ್ಬಂದಿ

ಸಿಂಧನೂರು, ಮಸ್ಕಿ, ಲಿಂಗಸುಗೂರು ಈ ಮೂರು ಊರುಗಳು ಒಂದೇ ಹೆದ್ದಾರಿಯ ಮೇಲೆ ಸಾಲಾಗಿ ನಿಂತಿವೆ. ಸಿಂಧನೂರನ್ನು ಬಿಟ್ಟು ಲಿಂಗಸುಗೂರಿನ ಕಡೆಗೆ ಸಾಗಿದಂತೆ ಹೊಲಗಳ ಬಣ್ಣವೇ ಬದಲಾಗುತ್ತದೆ. ಸಿಂಧನೂರಿನ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಬೆಳೆದ ನೆಲ್ಲಿನ ಗದ್ದೆಗಳಿವೆ. ಮಸ್ಕಿಯ ಆಚೆಗೆ ಬಹುಪಾಲು ಮಳೆಯನ್ನೇ ನಂಬಿದ ಸಜ್ಜೆ, ತೊಗರಿ, ಜೋಳ, ಸೂರ್ಯಕಾಂತಿಯ ಹೊಲಗಳಿವೆ. ಈ ಎರಡು ಬಗೆಯ ನೆಲಗಳಲ್ಲಿ ದುಡಿದು, ದುಡಿಮೆ ಸಾಲದಾದಾಗ ದೂರದ ನಗರಗಳಿಗೆ ಹೊರಟುಹೋಗುವ ಜನರ ಮಕ್ಕಳು ಇಂದು ಈ ಮೂರೂ ಊರುಗಳ ಕಾಲೇಜುಗಳಲ್ಲಿ ಓದುತ್ತಿದ್ದಾರೆ. ಅವರ ವ್ಯಾಸಂಗವು ಎಲ್ಲಿ ಕಡಿದುಹೋಗುತ್ತದೆ, ಅದು ಕಡಿಯದಂತೆ ಕಾಯುವಲ್ಲಿ ಕಾಲೇಜಿನ ಸಿಬ್ಬಂದಿಯ ಪಾತ್ರವೇನು ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ನೀರು ಮತ್ತು ದುಡಿಮೆ

ತುಂಗಭದ್ರಾ ಅಣೆಕಟ್ಟಿನ ಕಾಮಗಾರಿ 1945ರಲ್ಲಿ ಆರಂಭವಾಗಿ 1953ರಲ್ಲಿ ಪೂರ್ಣಗೊಂಡಿತು. ಸುಮಾರು 227 ಕಿಲೋಮೀಟರು ಉದ್ದದ ಎಡದಂಡೆ ಕಾಲುವೆಯು ಇಂದಿನ ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳ ನೆಲಕ್ಕೆ ನೀರುಣಿಸಿತು. ನೀರು ಬಂದೊಡನೆ ಕರಾವಳಿ ಆಂಧ್ರದಿಂದ ಬೇಸಾಯಗಾರರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡು ನೆಲ್ಲಿನ ಕೃಷಿಯನ್ನು ವಿಸ್ತರಿಸಿದರು. ಹೀಗೆ ಸಿಂಧನೂರು ಹೊರಗಿನವರನ್ನು ಬರಮಾಡಿಕೊಳ್ಳುವ ನೆಲವಾಯಿತು. ನಾಟಿಯ ಕಾಲದಲ್ಲಿ ಅಕ್ಕಪಕ್ಕದ ಒಣ ತಾಲ್ಲೂಕುಗಳ ಹೆಣ್ಣುಮಕ್ಕಳು ತಂಡ ಕಟ್ಟಿಕೊಂಡು ಎಕರೆಗೆ ಇಂತಿಷ್ಟೆಂದು ಗುತ್ತಿಗೆ ಹಿಡಿದು ಸಸಿ ಹಚ್ಚಲು ಇಲ್ಲಿಗೆ ಬರುತ್ತಾರೆ.

ಲಿಂಗಸುಗೂರು ಮತ್ತು ಮಸ್ಕಿಯ ಪರಿಸ್ಥಿತಿ ಬೇರೆ. ಕೃಷ್ಣಾ ನದಿಗೆ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರವು 1982ರಲ್ಲಿ ಸಿದ್ಧವಾದ ತರುವಾಯ ಬಲದಂಡೆ ಕಾಲುವೆಯಿಂದ ಲಿಂಗಸುಗೂರು ತಾಲ್ಲೂಕಿನ ಒಂದಷ್ಟು ಭೂಮಿಗೆ ನೀರು ದೊರೆತಿದೆಯಾದರೂ ಉಳಿದ ಭೂಮಿ ಒಣಭೂಮಿಯಾಗಿಯೇ ಇದೆ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿ 2020ರಲ್ಲಿ ರೈತರು ದೀರ್ಘಕಾಲ ಧರಣಿ ಕುಳಿತದ್ದು ಈ ಬಾಯಾರಿಕೆಯ ಸಾಕ್ಷಿ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ ಇದೆ. ಆದರೆ ಗಣಿಯ ನೌಕರಿ ಕೆಲವರಿಗೆ ಮಾತ್ರ. ಉಳಿದವರಿಗೆ ಮಳೆಯೇ ಗತಿ.

ನೀರಾವರಿಯ ನೆಲದಲ್ಲಿಯೂ ಕೂಲಿಯ ದಿನಗಳು ಹೆಚ್ಚುತ್ತ ಹೋಗಿಲ್ಲ. ನಾಟಿಯು ಇಂದಿಗೂ ಬಹುಮಟ್ಟಿಗೆ ಹೆಂಗಸರ ಕೈಯ ಕೆಲಸವಾಗಿ ಉಳಿದಿದೆ. ಕೊಯ್ಲನ್ನಾದರೋ ಯಂತ್ರಗಳು ನುಂಗಿವೆ. ವಾರಗಟ್ಟಲೆ ನಡೆಯುತ್ತಿದ್ದ ಕೊಯ್ಲು ಈಗ ಗಂಟೆಗಳಲ್ಲಿ ಮುಗಿಯುತ್ತದೆ. ಕಾಲುವೆಯ ಭರವಸೆಯೂ ಶಾಶ್ವತವಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಕ್ರಸ್ಟ್ ಗೇಟು ಕೊಚ್ಚಿಹೋದಾಗ ಕೆಳಗಿನ ಊರುಗಳಲ್ಲೆಲ್ಲ ಹುಟ್ಟಿದ ಆತಂಕವನ್ನು ನೆನೆದರೆ ಸಾಕು. ಎರಡನೆಯ ಬೆಳೆಗೆ ನೀರಿಲ್ಲವೆಂದಾದರೆ ಜಮೀನುಳ್ಳವನು ಒಂದು ಬೆಳೆಯನ್ನು ಕಳೆದುಕೊಳ್ಳುತ್ತಾನೆ. ಕೂಲಿಯವನು ಊರನ್ನೇ ಬಿಡಬೇಕಾಗುತ್ತದೆ.

ಹೀಗೆ ಊರು ಬಿಡುವುದಕ್ಕೆ ಈ ಭಾಗದಲ್ಲಿ ‘ಗುಳೆ’ ಎಂದು ಹೆಸರು. ಸುಗ್ಗಿ ಕೈಕೊಟ್ಟ ವರ್ಷ ಮೇಸ್ತ್ರಿಯಿಂದ ಮುಂಗಡ ಪಡೆದು, ಮನೆಗೆ ಬೀಗ ಜಡಿದು, ಮುದುಕರನ್ನು ಊರಲ್ಲಿ ಬಿಟ್ಟು, ಟಂಟಂ ಮತ್ತು ಕ್ರೂಸರ್ ವಾಹನಗಳಲ್ಲಿ ಕುಟುಂಬಗಳು ಹೊರಡುತ್ತವೆ. ಕೆಲವರು ಹತ್ತಿ, ಮೆಣಸಿನಕಾಯಿ ಬಿಡಿಸಲು, ಕಬ್ಬು ಕಡಿಯಲು ಹೋದರೆ, ಹಲವರು ಬೆಂಗಳೂರು, ಪುಣೆ, ಮುಂಬಯಿಗಳ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. 2022ರ ಆಗಸ್ಟ್ 25ರ ನಸುಕಿನಲ್ಲಿ ಶಿರಾ ತಾಲ್ಲೂಕಿನ ಕಳ್ಳಂಬೆಳ್ಳದ ಬಳಿ ಲಾರಿ ಮತ್ತು ಕ್ರೂಸರಿನ ನಡುವೆ ಅಪಘಾತ ಸಂಭವಿಸಿ ಒಂಬತ್ತು ಜನರು ಅಸುನೀಗಿದರು. ಅವರು ರಾಯಚೂರು ಜಿಲ್ಲೆಯಿಂದ ಬೆಂಗಳೂರಿಗೆ ಹೊರಟಿದ್ದ ಕೂಲಿಕಾರರು. ಗುಳೆಯ ಹಾದಿ ಎಂತಹದೆಂಬುದನ್ನು ಆ ಒಂದು ನಸುಕು ನಾಡಿಗೆಲ್ಲ ತೋರಿಸಿಕೊಟ್ಟಿತು.

ಶಾಲೆಯಿಂದ ಕಾಲೇಜಿಗೆ

ಪ್ರಾದೇಶಿಕ ಅಸಮತೋಲನ ನಿವಾರಣೆಗಾಗಿ ನೇಮಕಗೊಂಡ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ ಸಿಂಧನೂರೂ ಲಿಂಗಸುಗೂರೂ ಸೇರಿದ್ದವು. ಮಸ್ಕಿಯು ಆಗಿನ್ನೂ ಪ್ರತ್ಯೇಕ ತಾಲ್ಲೂಕಾಗಿರಲಿಲ್ಲ. 2011ರ ಜನಗಣತಿಯಂತೆ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇಕಡ 59.56, ರಾಜ್ಯದ ಸರಾಸರಿ ಶೇಕಡ 75.36. ಜಿಲ್ಲೆಯ ಮಹಿಳೆಯರಲ್ಲಿ ಅರ್ಧದಷ್ಟು ಮಂದಿಯೂ ಆಗ ಅಕ್ಷರಸ್ಥರಾಗಿರಲಿಲ್ಲ. ಇಂದು ಕಾಲೇಜಿನ ಬಾಗಿಲಲ್ಲಿ ನಿಂತಿರುವ ಹುಡುಗ ಹುಡುಗಿಯರು ಆ ತಾಯಂದಿರ ಮಕ್ಕಳು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವರೇ ಮೊದಲಿಗರು.

ಗುಳೆ ಹೋಗುವವರ ಚಿಕ್ಕ ಮಕ್ಕಳಿಗಾಗಿ ಸರಕಾರವು ಟೆಂಟ್ ಶಾಲೆಗಳನ್ನೂ ಹಂಗಾಮಿನ ವಸತಿ ನಿಲಯಗಳನ್ನೂ ನಡೆಸಿದ್ದುಂಟು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಕಡ್ಡಾಯ ಶಿಕ್ಷಣದ ಕಾಯಿದೆ 6ರಿಂದ 14 ವರ್ಷದವರೆಗಿನ ಮಕ್ಕಳ ಕೈ ಹಿಡಿಯುತ್ತದೆ. ಹದಿನಾಲ್ಕು ದಾಟಿದ ಕೂಡಲೇ ಆ ಕೈ ಸಡಿಲುತ್ತದೆ. ಹದಿನೇಳರ ಹುಡುಗನು ಶಾಲೆಯ ಲೆಕ್ಕದಲ್ಲಿ ದೊಡ್ಡವನು. ಮೇಸ್ತ್ರಿಯ ಲೆಕ್ಕದಲ್ಲಿಯೂ ದೊಡ್ಡವನೇ. ಪೂರ್ಣ ಕೂಲಿ ತರಬಲ್ಲ ವಯಸ್ಸಿಗೂ ಕಾಲೇಜು ಸೇರುವ ವಯಸ್ಸಿಗೂ ಅಂತರವೇ ಇಲ್ಲದಿರುವುದು ಈ ಸಮಸ್ಯೆಯ ಮೂಲ. ಕಾಲೇಜಿನಲ್ಲಿ ಕಳೆಯುವ ಒಂದೊಂದು ದಿನವೂ ಆ ಕುಟುಂಬ ಕೈಬಿಟ್ಟ ಒಂದೊಂದು ದಿನದ ಕೂಲಿಯೇ ಆಗಿರುತ್ತದೆ. ಈ ತ್ಯಾಗವನ್ನು ತಂದೆತಾಯಿಗಳು ಮಾತಿನಲ್ಲಿ ಹೇಳುವುದಿಲ್ಲ. ಆದರೆ ವಿದ್ಯಾರ್ಥಿಯು ಅದನ್ನು ದಿನವೂ ಎಣಿಸುತ್ತಿರುತ್ತಾನೆ.

ವ್ಯಾಸಂಗ ಕಡಿಯುವ ಬಗೆ

ಇಂತಹ ವಿದ್ಯಾರ್ಥಿಗಳು ಬಡತನದಿಂದ ಕಾಲೇಜನ್ನು ಬಿಡುತ್ತಾರೆಂದು ಹೇಳಿ ಸುಮ್ಮನಾಗುವುದು ಸುಲಭ. ಬಡತನ ನಿಜವೇ. ಆದರೆ ಬಡತನವು ವರ್ಷವಿಡೀ ಇರುತ್ತದೆ. ವ್ಯಾಸಂಗವು ಕಡಿಯುವುದು ಕೆಲವು ನಿರ್ದಿಷ್ಟ ವಾರಗಳಲ್ಲಿ. ಆ ವಾರಗಳು ಯಾವುವು ಎಂಬುದನ್ನು ಅರಿತವರು ಮಾತ್ರ ಸಹಾಯ ಮಾಡಬಲ್ಲರು.

ಉದಾಹರಣೆಗಾಗಿ ಲಿಂಗಸುಗೂರಿನಲ್ಲಿ ಪದವಿಯ ಮೊದಲ ವರ್ಷದಲ್ಲಿರುವ, ಮಸ್ಕಿ ಭಾಗದ ತಾಂಡಾದ ವಿದ್ಯಾರ್ಥಿಯೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಆತ ವಿದ್ಯಾರ್ಥಿ ನಿಲಯದಲ್ಲಿದ್ದಾನೆ. ತಂದೆತಾಯಿಗಳು ಬೆಂಗಳೂರಿನ ಕಟ್ಟಡವೊಂದರ ಬುಡದಲ್ಲಿ ತಗಡಿನ ಶೆಡ್ಡಿನಲ್ಲಿದ್ದಾರೆ. ದಸರೆಯ ರಜೆ ಬರುತ್ತದೆ. ನಿಲಯದಲ್ಲಿ ಅಡುಗೆ ನಿಲ್ಲುತ್ತದೆ. ಎಲ್ಲರೂ ಊರಿಗೆ ಹೊರಡುತ್ತಾರೆ. ಈತನ ಊರಿನ ಮನೆಗೆ ಬೀಗ ಬಿದ್ದಿದೆ. ಹೋಗಬೇಕಾದ ಜಾಗ ಒಂದೇ, ತಂದೆತಾಯಿಗಳಿರುವ ಶೆಡ್ಡು. ಅಲ್ಲಿ ಸುಮ್ಮನೆ ಕುಳಿತು ಉಣ್ಣಲು ಮನಸ್ಸು ಒಪ್ಪದೆ ಮರುದಿನವೇ ಇಟ್ಟಿಗೆ ಹೊರುತ್ತಾನೆ. ಮೊದಲ ವಾರದ ಬಟವಾಡೆ ಕೈಗೆ ಬರುತ್ತದೆ. ಕಾಲೇಜು ತೆರೆಯುತ್ತದೆ, ತಂಗಿಯ ಜ್ವರಕ್ಕೆ ಹಣ ಬೇಕಾಗಿದೆ, ‘ಇನ್ನೊಂದು ವಾರ’ ಎಂದುಕೊಳ್ಳುತ್ತಾನೆ. ಅಷ್ಟರಲ್ಲಿ ಪರೀಕ್ಷಾ ಶುಲ್ಕ ಕಟ್ಟುವ ದಿನ ಕಳೆದಿರುತ್ತದೆ. ಕಟ್ಟಲಿಲ್ಲವೆಂಬ ನಾಚಿಕೆಯಿಂದ ಗೆಳೆಯರ ಕರೆಗೂ ಉತ್ತರಿಸುವುದಿಲ್ಲ. ಕಾಲೇಜನ್ನು ಬಿಡಬೇಕೆಂದು ಆತ ಯಾವ ದಿನವೂ ತೀರ್ಮಾನಿಸಲಿಲ್ಲ. ತಂದೆತಾಯಿಗಳೂ ಬಿಡು ಎನ್ನಲಿಲ್ಲ. ಗೈರುಹಾಜರಿಯು ತಾನೇ ಬೆಳೆದು ವಿದಾಯವಾಯಿತು.

ಈ ಕಲ್ಪಿತ ಉದಾಹರಣೆಯಲ್ಲಿ ಗಮನಿಸಬೇಕಾದುದು, ಅಪಾಯವು ಬಂದ ಸ್ಥಳಗಳನ್ನು. ರಜೆಯ ಮೊದಲ ದಿನ, ಕಾಲೇಜು ಪುನಃ ತೆರೆದ ಮೊದಲ ವಾರ, ಶುಲ್ಕದ ಕೊನೆಯ ದಿನ ಇವು ವರ್ಷದ ಬಟ್ಟೆಯಲ್ಲಿನ ಹೊಲಿಗೆಗಳು. ಬಟ್ಟೆ ಹರಿಯುವುದು ಹೊಲಿಗೆಯಲ್ಲಿಯೇ. ಇವಕ್ಕೆ ಕೃಷಿಯ ಹೊಲಿಗೆಗಳನ್ನೂ ಸೇರಿಸಿಕೊಳ್ಳಬೇಕು. ಜುಲೈ ಕೊನೆಯಿಂದ ಆಗಸ್ಟಿನವರೆಗೆ ಸಿಂಧನೂರಿನ ಕಡೆಯಲ್ಲಿ ನಾಟಿಯ ಹಂಗಾಮು. ಹೊಸ ವಿದ್ಯಾರ್ಥಿಗಳಿಗೆ ಪಾಠಗಳು ಕುದುರಬೇಕಾದ ಕಾಲವೂ ಅದೇ. ಹತ್ತಿ ಬಿಡಿಸುವ ತಿಂಗಳುಗಳು ದಸರೆಯ ಆಸುಪಾಸಿನಲ್ಲಿ ಆರಂಭವಾಗುತ್ತವೆ. ಮೆಣಸಿನಕಾಯಿ ಬಿಡಿಸುವ ಕೆಲಸ ಭರದಿಂದ ಸಾಗುವ ಬೇಸಿಗೆಯ ಮೊದಲಲ್ಲಿಯೇ ದ್ವಿತೀಯ ಪಿಯುಸಿಯ ವಾರ್ಷಿಕ ಪರೀಕ್ಷೆಯೂ ಬರುತ್ತದೆ. ಕಾಲೇಜಿನ ಪಂಚಾಂಗವೂ ಹೊಲದ ಪಂಚಾಂಗವೂ ಒಂದನ್ನೊಂದು ಕೇಳಿ ಬರೆದುಕೊಂಡವುಗಳಲ್ಲ. ಈ ಎರಡನ್ನೂ ಒಟ್ಟಿಗೆ ಓದಬಲ್ಲವನೇ ಇಲ್ಲಿ ಒಳ್ಳೆಯ ಅಧ್ಯಾಪಕ.

ಇರುವ ನೆರವು ಮತ್ತು ಅದು ತಲಪುವ ದಾರಿ

ಕಾಗದದ ಮೇಲೆ ನೆರವು ಕಡಿಮೆಯೇನೂ ಇಲ್ಲ. ಮೆಟ್ರಿಕ್ ನಂತರದ ವಿದ್ಯಾರ್ಥಿ ನಿಲಯಗಳು, ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿ ಇವು ದಶಕಗಳಿಂದ ಇವೆ. ನಿಲಯದಲ್ಲಿ ಸ್ಥಳ ದೊರೆಯದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗಾಗಿ 2013–14ರಲ್ಲಿ ‘ವಿದ್ಯಾಸಿರಿ’ ಯೋಜನೆ ಆರಂಭವಾಯಿತು. ಊಟ ಮತ್ತು ವಸತಿಗೆಂದು ತಿಂಗಳಿಗೆ 1,500 ರೂಪಾಯಿಗಳಂತೆ ವರ್ಷಕ್ಕೆ ಹತ್ತು ತಿಂಗಳು ಕೊಡುವುದು ಅದರ ಕ್ರಮವಾಗಿತ್ತು. 2021ರ ‘ರೈತ ವಿದ್ಯಾನಿಧಿ’ಯು ಪಿಯುಸಿಯ ಗಂಡುಮಕ್ಕಳಿಗೆ 2,500, ಹೆಣ್ಣುಮಕ್ಕಳಿಗೆ 3,000, ಪದವಿಯವರಿಗೆ ಅನುಕ್ರಮವಾಗಿ 5,000 ಮತ್ತು 5,500 ರೂಪಾಯಿಗಳನ್ನು ನಿಗದಿಪಡಿಸಿತು. ಸಂವಿಧಾನದ 98ನೆಯ ತಿದ್ದುಪಡಿಯಿಂದ ಸೇರ್ಪಡೆಗೊಂಡ 371(ಜೆ) ವಿಧಿಯು ಈ ಭಾಗದವರಿಗೆ ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಮೀಸಲಾತಿಯ ಬಾಗಿಲನ್ನು ತೆರೆದಿದೆ.

ಆದರೆ ಈ ಯೋಜನೆಗಳು ಒಂದು ಮನೆಯನ್ನು ಕಣ್ಣ ಮುಂದಿಟ್ಟುಕೊಂಡು ರೂಪುಗೊಂಡಿವೆ. ಆ ಮನೆಯಲ್ಲಿ ತಂದೆ ಊರಲ್ಲಿರುತ್ತಾನೆ, ಹೆಸರಿನಲ್ಲಿ ಪಹಣಿ ಇರುತ್ತದೆ. ರೈತ ವಿದ್ಯಾನಿಧಿಯು ಮೊದಲು ಆಧರಿಸಿದ್ದು ‘ಫ್ರೂಟ್ಸ್’ ಎಂಬ ರೈತರ ನೋಂದಣಿಯನ್ನು. ಭೂಮಿಯೇ ಇಲ್ಲದ ಕೂಲಿಯವನ ಮಗ ಅದರ ಹೊರಗೆ ಉಳಿದನು. 2022ರಲ್ಲಿ ಕೃಷಿ ಕಾರ್ಮಿಕರ ಮಕ್ಕಳಿಗೂ ಅದನ್ನು ವಿಸ್ತರಿಸಿದ ಮೇಲೆಯೇ ಆ ಅಂತರ ತುಂಬತೊಡಗಿತು. ವಿದ್ಯಾರ್ಥಿವೇತನದ ಅರ್ಜಿಯನ್ನು ಗಣಕಯಂತ್ರದಲ್ಲಿ ತುಂಬಬೇಕು. ಅದಕ್ಕೆ ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು, ಆಧಾರ್ ಜೋಡಣೆಯಾದ ಬ್ಯಾಂಕಿನ ಖಾತೆ ಬೇಕು. ಆಧಾರಿಗೆ ಜೋಡಿಸಿದ ದೂರವಾಣಿ ತಂದೆಯದಾಗಿದ್ದರೆ ಗುಪ್ತಸಂಖ್ಯೆ ಬರುವುದು ಬೆಂಗಳೂರಿನ ಹತ್ತನೆಯ ಮಹಡಿಯಲ್ಲಿ ಸಾರಣೆ ಮಾಡುತ್ತಿರುವ ತಂದೆಯ ಕೈಗೆ. ಆತನಿಗೆ ಅದನ್ನು ಓದಲು ಬಾರದು. ಸಂಜೆ ಯಾರಿಂದಲಾದರೂ ಓದಿಸಿ ತಿಳಿಸುವ ಹೊತ್ತಿಗೆ ಅದರ ಅವಧಿ ಮುಗಿದಿರುತ್ತದೆ. ಸಾವಿರಾರು ರೂಪಾಯಿಗಳ ನೆರವು ಹೀಗೆ ಒಂದು ಸಂಖ್ಯೆಗೆ ಸಿಕ್ಕಿ ನಿಲ್ಲುತ್ತದೆ.

ವಿದ್ಯಾಸಿರಿಯ ಹತ್ತು ತಿಂಗಳ ಲೆಕ್ಕವನ್ನೂ ಗಮನಿಸಬೇಕು. ವರ್ಷಕ್ಕೆ ತಿಂಗಳು ಹನ್ನೆರಡು. ಉಳಿದೆರಡು ತಿಂಗಳು ವಿದ್ಯಾರ್ಥಿಯು ಮನೆಯಲ್ಲಿರುತ್ತಾನೆಂಬ ಊಹೆ ಅದರಲ್ಲಿ ಅಡಗಿದೆ. ಬೀಗ ಹಾಕಿದ ಮನೆಯ ವಿದ್ಯಾರ್ಥಿ ಆ ಊಹೆಗೆ ಸಿಕ್ಕುವುದಿಲ್ಲ.

ಸಿಬ್ಬಂದಿ ಎಂದರೆ ಯಾರು

ವಿದ್ಯಾರ್ಥಿಗೆ ನೆರವಾಗುವುದು ಅಧ್ಯಾಪಕರ ಕೆಲಸವೆಂದು ಸಾಮಾನ್ಯವಾಗಿ ಭಾವಿಸಲಾಗಿದೆ. ಕಾಲೇಜೊಂದರಲ್ಲಿ ಗುಳೆಯ ಮನೆಯ ವಿದ್ಯಾರ್ಥಿಯ ವ್ಯಾಸಂಗವನ್ನು ಕಾಯುವವರು ಅಧ್ಯಾಪಕರಷ್ಟೇ ಅಲ್ಲ. ಕಚೇರಿಯ ಗುಮಾಸ್ತನು ಅರ್ಜಿಗಳ ಕೊನೆಯ ದಿನಗಳನ್ನು ಬಲ್ಲವನು. ಪ್ರವೇಶದ ದಿನದಂದೇ ತಂದೆತಾಯಿಗಳು ಜೊತೆಯಲ್ಲಿರುವಾಗಲೇ ಆದಾಯ ಪ್ರಮಾಣಪತ್ರ, ಖಾತೆ, ದೂರವಾಣಿ ಇವುಗಳನ್ನು ಪರೀಕ್ಷಿಸಿ, ವಿದ್ಯಾರ್ಥಿಯದೇ ದೂರವಾಣಿಯನ್ನು ಆಧಾರಿಗೆ ಜೋಡಿಸುವಂತೆ ಹೇಳಿದರೆ ಮುಂದಿನ ಅರ್ಧ ತೊಡಕು ಅಲ್ಲಿಯೇ ಬಗೆಹರಿಯುತ್ತದೆ. ‘ನಿಮ್ಮ ಮನೆಯವರು ಕಟ್ಟಡದ ಕೆಲಸಕ್ಕೆ ಹೋಗುತ್ತಾರೆಯೇ?’ ಎಂಬ ಒಂದು ಪ್ರಶ್ನೆಯೂ ಅಮೂಲ್ಯವಾದುದು. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಅಂತಹವರ ಮಕ್ಕಳ ವ್ಯಾಸಂಗಕ್ಕೆ ಮಂಡಳಿಯು ಸಹಾಯಧನ ನೀಡುತ್ತ ಬಂದಿದೆ. ಹೊಲದ ಕೂಲಿಯೆಂದೇ ತಮ್ಮನ್ನು ತಿಳಿದುಕೊಂಡಿರುವ ಕುಟುಂಬಗಳಿಗೆ ತಾವು ಕಟ್ಟಡ ಕಾರ್ಮಿಕರೂ ಹೌದೆಂಬುದು ಹೊಳೆದಿರುವುದಿಲ್ಲ. ಮುಂದೆ ಉದ್ಯೋಗಕ್ಕೆ ಬೇಕಾಗುವ 371(ಜೆ) ಅರ್ಹತಾ ಪತ್ರವನ್ನು ಲಿಂಗಸುಗೂರಿನ ಸಹಾಯಕ ಆಯುಕ್ತರ ಕಚೇರಿಯಿಂದ ಪಡೆಯುವ ಕ್ರಮವನ್ನೂ ಇದೇ ಗುಮಾಸ್ತನು ತಿಳಿಸಿಕೊಡಬಲ್ಲನು.

ಗ್ರಂಥಪಾಲಕರು ಇನ್ನೊಂದು ಬಗೆಯಲ್ಲಿ ನೆರವಾಗಬಲ್ಲರು. ಪುಸ್ತಕವನ್ನು ಹದಿನೈದು ದಿನಗಳಲ್ಲಿ ಹಿಂದಿರುಗಿಸಬೇಕೆಂಬ ನಿಯಮವು ನಾಟಿಗೆ ಹೋದ ಹುಡುಗಿಗೆ ದಂಡವಾಗಿ ಪರಿಣಮಿಸುತ್ತದೆ. ದಂಡಕ್ಕೆ ಹೆದರಿ ಆಕೆ ಗ್ರಂಥಾಲಯದ ಕಡೆಗೇ ಬರುವುದಿಲ್ಲ. ಹಂಗಾಮಿನ ಅವಧಿಗೆ ಪುಸ್ತಕವನ್ನು ದೀರ್ಘಕಾಲ ಕೊಡುವ ಏರ್ಪಾಡು ಮಾಡಿದರೆ ಪುಸ್ತಕವೂ ಉಳಿಯುತ್ತದೆ, ವಿದ್ಯಾರ್ಥಿನಿಯೂ ಉಳಿಯುತ್ತಾಳೆ. ನಿಲಯದ ಮೇಲ್ವಿಚಾರಕರಿಗೂ ಅಡುಗೆಯವರಿಗೂ ತಿಳಿಯುವ ಸಂಗತಿಗಳು ತರಗತಿಯಲ್ಲಿರುವ ಅಧ್ಯಾಪಕರಿಗೆ ತಿಳಿಯುವುದಿಲ್ಲ. ಎರಡು ದಿನದಿಂದ ಯಾರು ಸರಿಯಾಗಿ ಉಣ್ಣುತ್ತಿಲ್ಲ, ಯಾರ ಪೆಟ್ಟಿಗೆ ಕಟ್ಟಿಟ್ಟಾಗಿದೆ, ಯಾರಿಗೆ ರಾತ್ರಿ ದೂರದಿಂದ ಕರೆ ಬಂದಿತೆಂಬುದನ್ನು ಮೊದಲು ಅರಿಯುವವರು ಅವರು. ಅವರ ಮಾತನ್ನು ಕೇಳುವ ಪದ್ಧತಿಯಿರುವ ಕಾಲೇಜಿನಲ್ಲಿ ವಿದ್ಯಾರ್ಥಿಯು ಹೊರಡುವ ಮುನ್ನವೇ ಸುಳಿವು ಸಿಗುತ್ತದೆ.

ಇವರೆಲ್ಲರ ನಡುವೆ ಸಂಯೋಜಕನಾಗಿ ಅಧ್ಯಾಪಕನು ನಿಲ್ಲಬೇಕು. ಆತನ ಮೊದಲ ಕರ್ತವ್ಯ ಗೈರುಹಾಜರಿಯನ್ನು ಬೇಗ ಕಾಣುವುದು. ತಿಂಗಳ ಕೊನೆಗೆ ಹಾಜರಿ ಪುಸ್ತಕವನ್ನು ಕೂಡಿಸುವಾಗ ಕಂಡರೆ ತಡವಾಯಿತು. ಮೂರನೆಯ ದಿನವೇ ಒಂದು ಕರೆ ಹೋಗಬೇಕು. ಆ ಕರೆಯಲ್ಲಿ ‘ಏಕೆ ಬರಲಿಲ್ಲ?’ ಎಂಬುದು ಮೊದಲ ಮಾತಾಗಬಾರದು. ‘ಮನೆಯಲ್ಲಿ ಎಲ್ಲರೂ ಕ್ಷೇಮವೇ? ಎಂದು ಬರುತ್ತೀಯಪ್ಪಾ?’ ಎಂಬುದಾಗಬೇಕು. ಮೊದಲನೆಯದು ವಿಚಾರಣೆ, ಎರಡನೆಯದು ನಿರೀಕ್ಷೆ. ತನ್ನನ್ನು ಒಬ್ಬರು ನಿರೀಕ್ಷಿಸುತ್ತಿದ್ದಾರೆಂದು ತಿಳಿದವನು ಹಿಂದಿರುಗುವ ಸಂಭವ ಹೆಚ್ಚು.

ಹಾಜರಿಯ ಪ್ರಶ್ನೆ

ಇಲ್ಲಿ ಒಂದು ಕಠಿಣ ಪ್ರಶ್ನೆ ಏಳುತ್ತದೆ. ಶೇಕಡ 75ರಷ್ಟು ಹಾಜರಿಯಿಲ್ಲದೆ ಪರೀಕ್ಷೆಗೆ ಕೂರುವಂತಿಲ್ಲವೆಂಬುದು ನಿಯಮ. ನಾಟಿಗೆ, ಹತ್ತಿಗೆ ಹೋದವನಿಗೆ ಅಷ್ಟು ಹಾಜರಿ ಸಿಗದು. ಕರುಣೆಯುಳ್ಳ ಅಧ್ಯಾಪಕನು ಬಾರದವನ ಹೆಸರಿನ ಮುಂದೆ ಬಂದನೆಂದು ಬರೆದುಬಿಡುವುದು ಆಗ ಸಹಜವೆನಿಸಬಹುದು.

ಆದರೆ ಇದು ನೆರವಲ್ಲ. ಸುಳ್ಳು ಹಾಜರಿಯಿಂದ ಪ್ರವೇಶಪತ್ರ ದೊರೆಯುತ್ತದೆ, ಪಾಠ ದೊರೆಯುವುದಿಲ್ಲ. ಓದದೆ ಪರೀಕ್ಷೆಗೆ ಕುಳಿತವನು ಮೂರು ವಿಷಯಗಳಲ್ಲಿ ಅನುತ್ತೀರ್ಣನಾಗಿ, ತಾನು ಓದಿಗೆ ತಕ್ಕವನಲ್ಲವೆಂದು ನಂಬಿ ಶಾಶ್ವತವಾಗಿ ಹೊರಟುಹೋಗುತ್ತಾನೆ. ಅದೂ ಅಲ್ಲದೆ ಹಾಜರಿ ಪುಸ್ತಕವೇ ಸುಳ್ಳಾದರೆ ಯಾರು ಕಾಣೆಯಾಗುತ್ತಿದ್ದಾರೆಂಬುದನ್ನು ತಿಳಿಯುವ ಏಕಮಾತ್ರ ಸಾಧನವೂ ಹೋಗುತ್ತದೆ. ಇನ್ನೊಂದು ತುದಿಯಲ್ಲಿ ನಿಯಮವನ್ನು ಮಾತ್ರ ನೋಡಿ ಹೆಸರು ಹೊಡೆದುಹಾಕುವುದೂ ಶಿಕ್ಷಣದ ಕೆಲಸವಲ್ಲ. ನಡುವಿನ ದಾರಿಯು ಶ್ರಮದ್ದು: ಬೆಳಗಿನ ಅಥವಾ ಸಂಜೆಯ ಪೂರಕ ತರಗತಿ, ನಿಜವಾಗಿ ನಡೆದ ತರಗತಿಗೆ ನಿಜವಾದ ಹಾಜರಿ, ಹಂಗಾಮಿಗೆ ಮೊದಲೇ ಕೊಟ್ಟ ಪಾಠಸೂಚಿ, ಮರಳಿ ಬಂದ ಮೇಲೆ ಎರಡು ವಾರಗಳ ವಿಶೇಷ ಅಭ್ಯಾಸ. ನಿಯಮವನ್ನು ಮುರಿಯದೆ ವಿದ್ಯಾರ್ಥಿಯನ್ನು ಉಳಿಸುವ ಈ ಕೆಲಸಕ್ಕೆ ಪ್ರಾಚಾರ್ಯರ ಒಪ್ಪಿಗೆ ಬೇಕು, ಅಧ್ಯಾಪಕರ ಹೆಚ್ಚಿನ ಗಂಟೆಗಳು ಬೇಕು. ಆ ಗಂಟೆಗಳ ಬೆಲೆಯನ್ನು ಸಂಸ್ಥೆಯು ಅರಿಯಬೇಕು. ಬಹುಪಾಲು ಕಾಲೇಜುಗಳಲ್ಲಿ ಈ ಹೊರೆಯನ್ನು ಹೊರುವವರು ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ತಾವೇ ಇರುವೆವೋ ಇಲ್ಲವೋ ತಿಳಿಯದವರು ವಿದ್ಯಾರ್ಥಿಯನ್ನು ಮೂರು ವರ್ಷ ಕಾಯುವುದು ಕಷ್ಟವೆಂಬುದನ್ನೂ ಒಪ್ಪಲೇಬೇಕು.

ಗೌರವ ಮತ್ತು ಜ್ಞಾನ

ನೆರವಿನ ಜೊತೆಗೆ ಗೌರವವೂ ಇರಬೇಕಾದುದು ಅಗತ್ಯ. ವಿದ್ಯಾರ್ಥಿವೇತನ ಬಾರದವರ ಹೆಸರುಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದಾಗ ಎದ್ದು ನಿಲ್ಲುವವನ ಮುಖವನ್ನು ಗಮನಿಸಿದವರಿಗೆ ಇದು ತಿಳಿದೀತು. ಆ ವಿದ್ಯಾರ್ಥಿಯು ಏನೂ ಅರಿಯದವನಾಗಿ ಕಾಲೇಜಿಗೆ ಬಂದಿರುವುದಿಲ್ಲ. ಮಣ್ಣಿನ ಹದ, ಕಾಲುವೆಯ ಪಾಳಿ, ಎಕರೆಗೆ ಬೇಕಾಗುವ ಆಳುಗಳ ಲೆಕ್ಕ, ಗುತ್ತಿಗೆಯ ಹಣವನ್ನು ತಂಡಕ್ಕೆ ಹಂಚುವ ಗಣಿತ ಇವು ಆತನಿಗೆ ಕರಗತ. ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ನೆಲದ ಸಂತೆಕೆಲ್ಲೂರಿನಲ್ಲಿ ಬಾಳಿದ ಘನಮಠದ ನಾಗಭೂಷಣ ಶಿವಯೋಗಿಗಳು ‘ಕೃಷಿ ಜ್ಞಾನ ಪ್ರದೀಪಿಕೆ’ ಎಂಬ ಗ್ರಂಥವನ್ನು ರಚಿಸಿದರು. ಒಕ್ಕಲುತನದ ಅರಿವು ಗ್ರಂಥಕ್ಕೆ ಯೋಗ್ಯವಾದ ಜ್ಞಾನವೆಂಬುದನ್ನು ಈ ಭಾಗವು ಅಂದೇ ಒಪ್ಪಿತ್ತು. ಅರ್ಥಶಾಸ್ತ್ರದ ಅಧ್ಯಾಪಕರು ಕೂಲಿಯ ದರವನ್ನೂ, ಭೂಗೋಳದವರು ಕಾಲುವೆಯ ಕೊನೆಯ ಭಾಗದ ಕೊರತೆಯನ್ನೂ ಪಾಠಕ್ಕೆ ತೆಗೆದುಕೊಂಡಾಗ ಹಿಂದಿನ ಬೆಂಚಿನ ವಿದ್ಯಾರ್ಥಿಯು ತರಗತಿಯ ತಿಳಿದವನಾಗುತ್ತಾನೆ. ಒಮ್ಮೆ ಹಾಗೆ ಮಾತಾಡಿದವನಿಗೆ ಕಾಲೇಜು ಪರಸ್ಥಳವಾಗಿ ಉಳಿಯುವುದಿಲ್ಲ.

ವಿದ್ಯಾರ್ಥಿನಿಯರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ತಾಯಿ ಗುಳೆ ಹೋದ ಮನೆಯಲ್ಲಿ ತಮ್ಮತಂಗಿಯರ ಪಾಲನೆ, ಅಜ್ಜಿಯ ಆರೈಕೆ ಹಿರಿಯ ಮಗಳ ಪಾಲಿಗೆ ಬರುತ್ತವೆ. ದೂರದಲ್ಲಿರುವ ತಂದೆತಾಯಿಗಳಿಗೆ ಬೆಳೆದ ಮಗಳು ಒಬ್ಬಳೇ ಊರಲ್ಲಿದ್ದಾಳೆಂಬ ಚಿಂತೆ. ಆ ಚಿಂತೆಗೆ ಅವರು ಕಾಣುವ ಪರಿಹಾರ ಮದುವೆ. 2023ರ ಜೂನ್ 11ರಂದು ಆರಂಭವಾದ ಮಹಿಳೆಯರ ಉಚಿತ ಬಸ್ ಪ್ರಯಾಣವು ಹಳ್ಳಿಯಿಂದ ಕಾಲೇಜಿಗೆ ಬರುವ ಖರ್ಚನ್ನು ಇಳಿಸಿತು. ಭಯವನ್ನು ಇಳಿಸುವುದು ಮನುಷ್ಯರ ಕೆಲಸ. ಅಧ್ಯಾಪಿಕೆಯೊಬ್ಬರು ತಾಯಿಗೆ ತಿಂಗಳಿಗೊಮ್ಮೆ ಕರೆ ಮಾಡಿ ‘ನಿಮ್ಮ ಮಗಳು ಚೆನ್ನಾಗಿ ಓದುತ್ತಿದ್ದಾಳಮ್ಮ, ಚಿಂತೆ ಮಾಡಬೇಡಿರಿ’ ಎಂದು ಹೇಳಿದರೆ ಎಷ್ಟೋ ಮದುವೆಗಳು ಎರಡು ವರ್ಷ ಮುಂದೆ ಹೋಗಬಲ್ಲವು. ಪಾಲಕರ ಸಭೆಯನ್ನು ಕಾಲೇಜಿನ ಅನುಕೂಲದ ದಿನ ಕರೆಯುವುದಕ್ಕಿಂತ ಪಾಲಕರು ಊರಲ್ಲಿರುವ ದಿನ ಕರೆಯುವುದು ವಿವೇಕ. ಮುದಗಲ್ಲಿನ ಮೊಹರಂ, ಯುಗಾದಿ, ಊರ ಜಾತ್ರೆ ಇವುಗಳಿಗೆ ಗುಳೆ ಹೋದವರು ಮರಳುವುದು ವಾಡಿಕೆ. ಮೊಹರಂ ಪ್ರತಿವರ್ಷ ಸುಮಾರು ಹನ್ನೊಂದು ದಿನ ಹಿಂದೆ ಸರಿಯುವುದರಿಂದ ಆ ವರ್ಷದ ದಿನವನ್ನು ನೋಡಿಕೊಂಡೇ ಸಭೆಯನ್ನು ಗೊತ್ತುಪಡಿಸಬೇಕು.

ಹೊರನಾಡಿನ ಒಂದು ನಿದರ್ಶನ

ಬೆಳೆಯ ಹಿಂದೆ ಅಲೆಯುವ ಕೂಲಿಕಾರರು ಇತರ ದೇಶಗಳಲ್ಲಿಯೂ ಇದ್ದಾರೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ವಲಸೆ ಕೃಷಿ ಕಾರ್ಮಿಕರ ಮಕ್ಕಳ ಕಾಲೇಜು ವ್ಯಾಸಂಗಕ್ಕಾಗಿಯೇ 1972ರಲ್ಲಿ ಒಂದು ಕಾರ್ಯಕ್ರಮ ಆರಂಭವಾಯಿತು. ಅದರ ಎರಡು ಅಂಶಗಳು ಇಲ್ಲಿ ವಿಚಾರಯೋಗ್ಯ. ಮೊದಲನೆಯದು, ಅರ್ಹತೆಯನ್ನು ಅಳೆಯಲು ಅದು ದುಡಿಮೆಯ ದಿನಗಳನ್ನು ಎಣಿಸಿತು; ವಿದ್ಯಾರ್ಥಿ ಅಥವಾ ಆತನ ಕುಟುಂಬದವರು ಹಿಂದಿನ 24 ತಿಂಗಳಲ್ಲಿ 75 ದಿನ ಅಂತಹ ಕೃಷಿಕೂಲಿ ಮಾಡಿರಬೇಕು. ಎರಡನೆಯದು, ಅದು ತನ್ನ ಶಕ್ತಿಯನ್ನೆಲ್ಲ ಪದವಿಯ ಮೊದಲ ವರ್ಷದ ಮೇಲೆ ಇಟ್ಟಿತು. ಮಾರ್ಗದರ್ಶನ, ಪೂರಕ ಪಾಠ, ಹಣಸಹಾಯ ಇವೆಲ್ಲ ಆ ವರ್ಷಕ್ಕೆ ಸೇರಿದವು. ಮೊದಲ ವರ್ಷವನ್ನು ದಾಟಿಸಿದರೆ ಮುಂದಿನ ವರ್ಷಗಳನ್ನು ವಿದ್ಯಾರ್ಥಿಯೇ ದಾಟಬಲ್ಲನೆಂಬುದು ಅದರ ಹಿಂದಿನ ತಿಳಿವಳಿಕೆ. ನಮ್ಮ ನಾಡಿನಲ್ಲಿ ಗುಳೆಯ ಮನೆಯ ವಿದ್ಯಾರ್ಥಿಗೆಂದು ಇಂತಹ ಪ್ರತ್ಯೇಕ ಲೆಕ್ಕವಿಡುವುದು ರೂಢಿಯಾಗಿಲ್ಲ. ಜಾತಿ, ಆದಾಯಗಳ ಅಂಕಣಗಳ ಪಕ್ಕದಲ್ಲಿ ‘ಗುಳೆಯ ತಿಂಗಳುಗಳು’ ಎಂಬ ಒಂದು ಅಂಕಣವನ್ನು ಪ್ರವೇಶ ಪತ್ರಿಕೆಯಲ್ಲಿ ಸೇರಿಸಲು ಯಾವ ಹೊಸ ಕಾನೂನೂ ಬೇಡ.

ಬಾಗಿಲು ತೆರೆದಿಡುವ ಕೆಲಸ

ಕನ್ನಡ ನಾಡಿನಲ್ಲಿ ಬಡ ವಿದ್ಯಾರ್ಥಿಯ ಓದು ಬೆಳೆದದ್ದು ಬಹುಮಟ್ಟಿಗೆ ಉಚಿತ ಪ್ರಸಾದ ನಿಲಯಗಳ ಆಶ್ರಯದಲ್ಲಿ. 1907ರಿಂದ 2019ರವರೆಗೆ ಬಾಳಿದ ಶ್ರೀ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಸಿದ್ಧಗಂಗೆಯ ಮಠವು ಸಾವಿರಾರು ಮಕ್ಕಳಿಗೆ ಜಾತಿಮತಗಳ ಭೇದವಿಲ್ಲದೆ ಅನ್ನ, ಆಶ್ರಯ, ಅಕ್ಷರಗಳನ್ನು ನೀಡಿತು. ನೆರೆಯ ಕೊಪ್ಪಳದ ಗವಿಮಠವೂ ಅದೇ ಸೇವೆಯನ್ನು ನಡೆಸಿಕೊಂಡು ಬಂದಿದೆ. ದಾಸೋಹದ ಈ ಪರಂಪರೆಯು ಗುಳೆಯ ಮನೆಯ ವಿದ್ಯಾರ್ಥಿಯ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಡಬೇಕಾಗಿದೆ. ಪಾಠ ನಡೆಯುವ ದಿನಗಳಲ್ಲಿ ಉಣಬಡಿಸುವುದು ದೊಡ್ಡ ಕೆಲಸ. ಆದರೆ ಈ ವಿದ್ಯಾರ್ಥಿಗೆ ಅನ್ನದ ಅಗತ್ಯ ಎಲ್ಲಕ್ಕಿಂತ ಹೆಚ್ಚಾಗಿರುವುದು ಪಾಠವಿಲ್ಲದ ದಿನಗಳಲ್ಲಿ. ದಸರೆಯ ರಜೆಯಲ್ಲಿ, ಬೇಸಿಗೆಯಲ್ಲಿ ಎರಡು ಕೋಣೆ ತೆರೆದಿಟ್ಟು, ಹತ್ತಾರು ಜನರಿಗೆ ಒಲೆ ಹಚ್ಚಿ, ಒಬ್ಬ ಅಧ್ಯಾಪಕರನ್ನು ದಿನಕ್ಕೆರಡು ಗಂಟೆ ಕೂರಿಸಿದರೆ ಶೆಡ್ಡಿನ ಹಾದಿ ಹಿಡಿಯಬೇಕಾದವನು ಗ್ರಂಥಾಲಯದಲ್ಲಿ ಉಳಿಯುತ್ತಾನೆ. ತಂದೆತಾಯಿಗಳನ್ನು ನೋಡಿಬರುವ ಆಸೆ ಅವನಿಗೂ ಇರುತ್ತದೆ, ಹೋಗಿಬರಲಿ. ಹೋದವನಿಗೆ ಮರಳಿ ಬರುವ ದಿನವೊಂದು ಗೊತ್ತಿರಬೇಕು, ಆ ದಿನ ಬಾಗಿಲು ತೆರೆಯುವವರೊಬ್ಬರು ಇರಬೇಕು.

ಪ್ರವೇಶದ ದಿನ ಕಾಗದಗಳನ್ನು ಸರಿಪಡಿಸುವುದು, ಮೂರನೆಯ ದಿನದ ಗೈರುಹಾಜರಿಗೆ ಕರೆ ಮಾಡುವುದು, ಹಂಗಾಮಿಗೆ ಹೋಗುವವರಿಗೆ ಪುಸ್ತಕವನ್ನೂ ಪಾಠಸೂಚಿಯನ್ನೂ ಕೊಟ್ಟು ಕಳಿಸುವುದು, ಪರೀಕ್ಷಾ ಶುಲ್ಕದ ಕೊನೆಯ ದಿನಕ್ಕೆ ಒಂದು ಸಣ್ಣ ಆಪದ್ಧನವನ್ನು ಇಟ್ಟಿರುವುದು, ರಜೆಯಲ್ಲಿ ಒಲೆ ಆರದಂತೆ ನೋಡಿಕೊಳ್ಳುವುದು ಇವು ಐದೂ ಸಣ್ಣ ಕೆಲಸಗಳು. ಮಳೆಯನ್ನು ತರಿಸುವುದು, ಕಾಲುವೆಯನ್ನು ಕೊನೆಯ ಹೊಲದವರೆಗೆ ಒಯ್ಯುವುದು, ಊರಲ್ಲಿಯೇ ವರ್ಷವಿಡೀ ದುಡಿಮೆ ಒದಗಿಸುವುದು ಕಾಲೇಜಿನ ಸಿಬ್ಬಂದಿಯ ಕೈಯಲ್ಲಿಲ್ಲ. ಗುಳೆಯು ನಿಲ್ಲುವವರೆಗೆ ಕಾಯುತ್ತ ಕುಳಿತರೆ ಇಂದಿನ ವಿದ್ಯಾರ್ಥಿಯ ಮೂರು ವರ್ಷಗಳು ಕಳೆದುಹೋಗುತ್ತವೆ. ಆ ಮೂರು ವರ್ಷಗಳಲ್ಲಿ ಅಪಾಯದ ವಾರಗಳು ಬೆರಳೆಣಿಕೆಯಷ್ಟು. ಆ ವಾರಗಳನ್ನು ಬಲ್ಲ ಗುಮಾಸ್ತನೋ, ಅಡುಗೆಯವಳೋ, ಅಧ್ಯಾಪಕನೋ ಒಬ್ಬರು ಎಚ್ಚರವಾಗಿದ್ದರೆ ಸಾಕು. ಒಂದು ಮನೆಯ ಮೊದಲ ಪದವೀಧರನು ಇಟ್ಟಿಗೆಯ ರಾಶಿಯ ಬಳಿಯಿಂದ ತರಗತಿಗೆ ಮರಳಿ ಬರುತ್ತಾನೆ.